ಆಕಾಶದಿಂದ ನೋಡಿದಂತೆ ಬರೆದ ಅರಮನೆಯ ಉದ್ಯಾನಗಳು: ಅಧಿಕಾರ ಇರುವುದು ತೋಟದಲ್ಲೋ, ಚಿತ್ರದಲ್ಲೋ?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಗೆ ಪರ್ಸ್ಪೆಕ್ಟಿವ್, ಅಂದರೆ ದೂರದ ವಸ್ತು ಚಿಕ್ಕದಾಗಿ ಕಾಣುವಂತೆ ಬರೆಯುವ ಕ್ರಮದ ಪಾಠವಿತ್ತು. ರೈಲು ಹಳಿ, ದೀಪದ ಕಂಬಗಳ ಸಾಲು ಎಂಬ ಅದೇ ಹಳೆಯ ಉದಾಹರಣೆಗಳನ್ನು ಎಷ್ಟು ವರ್ಷ ಬರೆಸುವುದು ಎಂದು ಬೇಸತ್ತು, ಫ್ರಾನ್ಸಿನ ಪಿಯೆರ್ ಪಟೆಲ್ 1668ರಲ್ಲಿ ಬರೆದ ವರ್ಸೈ ಅರಮನೆಯ ಚಿತ್ರವನ್ನು ಪರದೆಯ ಮೇಲೆ ತೋರಿಸಿದೆ. ಮುಂಭಾಗದಲ್ಲಿ ರಾಜನ ಸಾರೋಟು ಮತ್ತು ಪರಿವಾರ, ನಡುವೆ ಅರಮನೆ, ಅದರ ಹಿಂದೆ ದಿಗಂತದವರೆಗೆ ಚಾಚಿಕೊಂಡ ಉದ್ಯಾನ. ಗೆರೆಗಳೆಲ್ಲ ಎಲ್ಲಿ ಕೂಡುತ್ತವೆ ಎಂಬುದನ್ನು ಮಕ್ಕಳು ಬೇಗನೆ ಗುರುತಿಸಿದರು. ಆಮೇಲೆ ಅಡಿಕೆ ಬೆಳೆಗಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅಷ್ಟು ದೊಡ್ಡ ತೋಟದಲ್ಲಿ ಏನು ಬೆಳೀತಾರೆ?" ಎಂದು ಕೇಳಿದಳು. ಏನೂ ಬೆಳೆಯುವುದಿಲ್ಲ ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ, ನನಗೂ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ.

ಬರೋಕ್ ಕಾಲದ, ಅಂದರೆ ಹದಿನೇಳು-ಹದಿನೆಂಟನೆಯ ಶತಮಾನದ ಯುರೋಪಿನ ಆಡಂಬರದ ಶೈಲಿಯ, ಈ ಉದ್ಯಾನಗಳು ರಾಜರ ಅಧಿಕಾರವನ್ನೂ ಅಂತಸ್ತನ್ನೂ ಸಾರುತ್ತಿದ್ದವು ಎಂದು ಕಲಾ ಇತಿಹಾಸದ ಪುಸ್ತಕಗಳೆಲ್ಲ ಹೇಳುತ್ತವೆ. ಹೇಗೆ ಸಾರುತ್ತಿದ್ದವು ಎಂಬುದು ಮಾತ್ರ ನನಗೆ ಸ್ಪಷ್ಟವಾಗಿಲ್ಲ. ಕತ್ತರಿಸಿದ ಗಿಡ ಮತ್ತು ನೇರವಾದ ದಾರಿ ಕಂಡರೆ ಯಾರಾದರೂ ತಲೆಬಾಗುತ್ತಾರೆಯೇ? ಇನ್ನೊಂದು ಸಂದೇಹವೂ ಇದೆ. ಅಂದಿನ ಉದ್ಯಾನ ಚಿತ್ರಗಳಲ್ಲಿ ಹೆಚ್ಚಿನವು, ಅವು ತೈಲಚಿತ್ರಗಳಿರಲಿ ಅಚ್ಚಿನ ಚಿತ್ರಗಳಿರಲಿ, ಹಕ್ಕಿ ನೋಡಿದಂತೆ ಮೇಲಿನಿಂದ ಬರೆದವುಗಳು. ಮನುಷ್ಯರು ಇರುವೆಗಳಂತೆ ಕಾಣುತ್ತಾರೆ. ವಿಮಾನವಿಲ್ಲದ ಕಾಲದಲ್ಲಿ ಅಷ್ಟು ಎತ್ತರ ಏಕೆ ಬೇಕಾಯಿತು? ತಿಳಿದವರು ವಿವರಿಸಬೇಕು. ನಮ್ಮ ಕಡೆ ಇದಕ್ಕೆ ಹೋಲಿಸಬಹುದಾದದ್ದು ಏನಾದರೂ ಇದ್ದರೆ ಅದನ್ನೂ ತಿಳಿಸಿ. ಮಕ್ಕಳಿಗೆ ಹೇಳಲು ಅನುಕೂಲವಾಗುತ್ತದೆ.

ಕಾನುಮನೆ, ತೀರ್ಥಹಳ್ಳಿ

ತುಂಗಾತೀರ ಅವರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಖಚಿತವಾದ ಉತ್ತರವಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ವರ್ಸೈನಲ್ಲಿ ಬೆಳೆಯುತ್ತಿದ್ದರು, ಆದರೆ ನೀವು ತೋರಿಸಿದ ಚಿತ್ರದ ನಡುಗೆರೆಯ ಮೇಲಲ್ಲ. ಪಟೆಲ್ ಚಿತ್ರ ಬರೆದು ಹತ್ತು ವರ್ಷಗಳಾದ ಮೇಲೆ, 1678 ಮತ್ತು 1683ರ ನಡುವೆ, ಲಾ ಕ್ಯಾಂತಿನೀ ಎಂಬ ತೋಟಗಾರನು ಅರಮನೆಯ ಪಕ್ಕದಲ್ಲಿದ್ದ ಜೌಗು ನೆಲವನ್ನು ತುಂಬಿಸಿ, ಸುತ್ತ ಗೋಡೆ ಕಟ್ಟಿಸಿ, ಸುಮಾರು 9 ಹೆಕ್ಟೇರಿನಲ್ಲಿ ದೊರೆಯ ಹಣ್ಣು-ತರಕಾರಿಗಳ ತೋಟವನ್ನು ಮಾಡಿದನು. ಹಸಿ ಗೊಬ್ಬರದ ಕಾವು ಕೊಟ್ಟು, ಗಾಜು ಮುಚ್ಚಿ, ನಡುಚಳಿಗಾಲದಲ್ಲಿಯೇ ಆಸ್ಪರಾಗಸ್ ಚಿಗುರನ್ನು ಹದಿನಾಲ್ಕನೆಯ ಲೂಯಿಯ ಊಟದ ಮೇಜಿಗೆ ಕಳಿಸುತ್ತಿದ್ದನಂತೆ. 9 ಹೆಕ್ಟೇರ್ ಎಂದರೆ 22 ಎಕರೆ. ನಮ್ಮಲ್ಲಿ 22 ಎಕರೆ ಬಾಗಾಯ್ತು ಇದ್ದವರು ಮದುವೆ ಮನೆಗೆ ಬಂದರೆ ಮುಂದಿನ ಸಾಲಿನ ಕುರ್ಚಿ ತಾನಾಗಿ ಖಾಲಿಯಾಗುತ್ತದೆ. ಅಲ್ಲಿ ಅದು ಗೋಡೆಯ ಮರೆಗೆ ಹೋಯಿತು. ಕಣ್ಣಿಗೆ ಬೀಳುವಂತೆ ಹರಡಿದ್ದು ಏನನ್ನೂ ಬೆಳೆಯದ ನೆಲ. ಇಂದಿಗೆ ಉಳಿದಿರುವ ಉದ್ಯಾನ ಮತ್ತು ವನ ಸೇರಿ ಸುಮಾರು 800 ಹೆಕ್ಟೇರ್ ಇದೆ. ಇಷ್ಟು ಭೂಮಿಯಿಂದ ಒಂದು ಹಿಡಿ ಕಾಳನ್ನೂ ನಾನು ನಿರೀಕ್ಷಿಸಬೇಕಾಗಿಲ್ಲ ಎಂದು ತೋರಿಸಿಕೊಳ್ಳುವುದು ಅಂತಸ್ತಿನ ಮೊದಲ ಲಕ್ಷಣವಾಗಿತ್ತು.

ಇನ್ನು "ಹೇಗೆ" ಎಂಬುದಕ್ಕೆ ಬರುತ್ತೇನೆ. ಇದನ್ನು ವರ್ಸೈಗಿಂತ ಮೊದಲು ವೋ-ಲ-ವಿಕೊಂತ್ ಎಂಬಲ್ಲಿಂದ ನೋಡುವುದು ಒಳ್ಳೆಯದು. ಫ್ರಾನ್ಸಿನ ಹಣಕಾಸು ನೋಡಿಕೊಳ್ಳುತ್ತಿದ್ದ ನಿಕೊಲಾ ಫೂಕೆ, ವಾಸ್ತುಶಿಲ್ಪಿ ಲ ವೋ, ಚಿತ್ರಕಾರ ಲ ಬ್ರೂನ್ ಮತ್ತು ಉದ್ಯಾನಕಾರ ಆಂದ್ರೆ ಲ ನೋತ್ರ್ ಎಂಬ ಮೂವರನ್ನು ಸೇರಿಸಿ ಅಲ್ಲೊಂದು ಮನೆಯನ್ನೂ ಉದ್ಯಾನವನ್ನೂ ಮಾಡಿಸಿದನು. 1661ರ ಆಗಸ್ಟ್ 17ರಂದು ಯುವ ದೊರೆಯನ್ನು ಕರೆದು ನಾಟಕ, ಔತಣ, ಬಾಣಬಿರುಸುಗಳ ಸಂಭ್ರಮ ನಡೆಸಿದನು. ಹತ್ತೊಂಬತ್ತನೆಯ ದಿನಕ್ಕೆ, ಸೆಪ್ಟೆಂಬರ್ 5ರಂದು, ಅವನ ಬಂಧನವಾಯಿತು. ಬಂಧನದ ಸಿದ್ಧತೆ ಔತಣಕ್ಕಿಂತ ಮೊದಲೇ ನಡೆದಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಆದ್ದರಿಂದ ತೋಟ ನೋಡಿ ಹೊಟ್ಟೆಕಿಚ್ಚಾಗಿ ಹಿಡಿಸಿದ ಎಂಬ ಕತೆಯನ್ನು ಮಕ್ಕಳಿಗೆ ಹೇಳುವುದಾದರೆ ಸ್ವಲ್ಪ ನಿಧಾನಿಸಿ ಹೇಳಿ. ನ್ಯಾಯಾಲಯವು ಗಡೀಪಾರು ಎಂದದ್ದನ್ನು ದೊರೆಯೇ ಜೀವಾವಧಿ ಸೆರೆಗೆ ಏರಿಸಿದನು, ಫೂಕೆ 1680ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಆ ಮೂವರು ಕಲಾವಿದರು ವರ್ಸೈಗೆ ಹೋದರು, ಅವರ ಹಿಂದೆ ಫೂಕೆಯ ಕಿತ್ತಳೆ ಗಿಡಗಳೂ ಹೋದವು. ಒಬ್ಬನ ಅಂತಸ್ತಿನ ಗುರುತುಗಳನ್ನು ಬೇರುಸಹಿತ ಕಿತ್ತು ಇನ್ನೊಬ್ಬನ ಅಂಗಳದಲ್ಲಿ ನೆಟ್ಟದ್ದಕ್ಕೆ ಇಷ್ಟು ನೇರವಾದ ನಿದರ್ಶನವನ್ನು ನಾನು ಬೇರೆಲ್ಲೂ ಓದಿಲ್ಲ.

ಲ ನೋತ್ರ್ ಬಗ್ಗೆ ನೀವು ಚಿತ್ರಕಲಾ ಶಿಕ್ಷಕರಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅವನ ತಂದೆಯೂ ಅಜ್ಜನೂ ತೋಟಗಾರರು. ಅವನು ಮಾತ್ರ ಸಿಮೋನ್ ವುವೆ ಎಂಬ ವರ್ಣಚಿತ್ರಕಾರನ ಬಳಿ ಅಭ್ಯಾಸ ಮಾಡಿದವನು. ಮುಂದೆ ಪೂಸ್ಯಾಂನಂಥವರ ಚಿತ್ರಗಳನ್ನು ಸಂಗ್ರಹಿಸಿ 1693ರಲ್ಲಿ ದೊರೆಗೆ ಒಪ್ಪಿಸಿದನು. ನೀವು ಹಾಳೆಯ ಮೇಲೆ ಕಲಿಸುವ ಪಾಠವನ್ನು ಅವನು ನೆಲದ ಮೇಲೆ, ತಿರುವುಮುರುವಾಗಿ ಪ್ರಯೋಗಿಸಿದ್ದಾನೆ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆಯಷ್ಟೆ? ವೋ-ಲ-ವಿಕೊಂತ್ ಉದ್ಯಾನದಲ್ಲಿ ದೂರದ ಕೊಳವನ್ನು ಹತ್ತಿರದ್ದಕ್ಕಿಂತ ದೊಡ್ಡದಾಗಿ ಮಾಡಿಸಿ, ಮನೆಯ ಮೆಟ್ಟಿಲ ಮೇಲೆ ನಿಂತವನಿಗೆ ಎಲ್ಲವೂ ಅಳತೆಯಲ್ಲಿ ಹೊಂದಿಕೊಂಡು ಹತ್ತಿರವೇ ಇರುವಂತೆ ಕಾಣಿಸಿದನು. ನಡೆದು ಹೋದರೆ ಮುಗಿಯುವುದೇ ಇಲ್ಲ. ನಡುವೆ ತಗ್ಗಿನಲ್ಲಿ ಅಡಗಿದ ಅಡ್ಡ ಕಾಲುವೆಯೊಂದು ಇದ್ದಕ್ಕಿದ್ದಂತೆ ಎದುರಾಗುತ್ತದೆ. ಈ ಹೊಂದಿಕೆ ಒಂದೇ ಜಾಗದಿಂದ ಸರಿಯಾಗಿ ಕಾಣುತ್ತದೆ, ಆ ಜಾಗ ಯಜಮಾನನದು. ಉಳಿದವರು ಅವನ ನೋಟದ ಗೆರೆಗಳ ಒಳಗೆ ಓಡಾಡುತ್ತಿರುತ್ತಾರೆ. ಅಧಿಕಾರ ಎಂದು ಪುಸ್ತಕಗಳು ಹೇಳುವುದು ಇದನ್ನೇ ಎಂದು ನನ್ನ ತಿಳಿವಳಿಕೆ.

ವರ್ಸೈನಲ್ಲಿ ಇದು ಇನ್ನೂ ಮುಂದೆ ಹೋಯಿತು. 1668ರಿಂದ 1679ರವರೆಗೆ ತೋಡಿದ ದೊಡ್ಡ ಕಾಲುವೆ 1,670 ಮೀಟರ್ ಉದ್ದ, ಅರಮನೆಯ ನಡುಗೆರೆಯ ಮೇಲೆಯೇ ಪಡುವಣಕ್ಕೆ ಹೋಗುತ್ತದೆ. ಅದರ ತಲೆಯಲ್ಲಿ ಸೂರ್ಯದೇವ ಅಪೊಲೊ ರಥವೇರಿ ನೀರಿನಿಂದ ಮೇಲೇಳುವ ಶಿಲ್ಪವಿದೆ. ಸೂರ್ಯ ಮುಳುಗುವ ದಿಕ್ಕಿನಲ್ಲಿ ಹುಟ್ಟಿ ಪೂರ್ವಕ್ಕೆ ರಥ ಹೊಡೆಯುವ ಸೂರ್ಯ! ನಮ್ಮ ಸ್ಥಪತಿಗಳು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಅವನ ಮುಖ ಅರಮನೆಯ ಕಡೆಗೆ, ತನ್ನನ್ನು ಸೂರ್ಯನೆಂದೇ ಕರೆಸಿಕೊಂಡ ದೊರೆಯ ಕಡೆಗೆ ಇದೆ. ಸಾಲದ್ದಕ್ಕೆ ಉದ್ಯಾನವನ್ನು ನೋಡುವ ಕ್ರಮವನ್ನು ಲೂಯಿಯೇ 1689ರಿಂದ ಮೊದಲ್ಗೊಂಡು ಆರು ಬಾರಿ ತಿದ್ದಿ ಬರೆಸಿದನು. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಿ ನೋಡಬೇಕು, ಆಮೇಲೆ ಯಾವ ಕಡೆ ಇಳಿಯಬೇಕು ಎಂಬುದೆಲ್ಲ ಅದರಲ್ಲಿದೆ.

ಆಕಾಶದ ನೋಟದ ಬಗ್ಗೆ ಹೇಳುವುದಾದರೆ, ಪಟೆಲ್ ನಿಂತ ಎತ್ತರದಲ್ಲಿ ಗುಡ್ಡವೂ ಇರಲಿಲ್ಲ, ಗೋಪುರವೂ ಇರಲಿಲ್ಲ. ಅವನು ನಕಾಶೆಯನ್ನು ಸ್ವಲ್ಪ ಓರೆ ಮಾಡಿ ಚಿತ್ರವಾಗಿಸಿದನು. ನೆಲದ ಮೇಲೆ ನಿಂತವನಿಗೆ ಒಂದು ದಾರಿ ಕಂಡರೆ ಇನ್ನೊಂದು ಮರೆಯಾಗುತ್ತದೆ. ಮೇಲಿನಿಂದ ನೋಡಿದರೆ ಆಸ್ತಿಯೆಲ್ಲವೂ ಒಂದೇ ಹಾಳೆಯಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಇಂಥ ನೋಟಗಳನ್ನು ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚು ಹಾಕಿಸಿ, ಪರದೇಶಗಳ ರಾಯಭಾರಿಗಳಿಗೆ ಉಡುಗೊರೆ ಕೊಡುತ್ತಿದ್ದರು. ವರ್ಸೈಯನ್ನು ಎಂದೂ ಕಾಣದ ಅರಸರು ಆ ಹಾಳೆಗಳನ್ನು ಎದುರಿಗಿಟ್ಟುಕೊಂಡು ತಮ್ಮ ಉದ್ಯಾನಗಳನ್ನು ಯೋಚಿಸಿದರು. ಇಂಗ್ಲೆಂಡಿನಲ್ಲಿ ಕಿಪ್ ಮತ್ತು ನೈಫ್ ಎಂಬಿಬ್ಬರು 1707ರಲ್ಲಿ ಅಲ್ಲಿನ ಜಮೀನುದಾರರ ಮನೆಗಳ ಇಂಥ ನೋಟಗಳನ್ನು ಪುಸ್ತಕ ಮಾಡಿದರು. ಅದರಲ್ಲಿ ಸಾಲುಮರಗಳ ದಾರಿಗಳು ಹಾಳೆಯ ಅಂಚಿನವರೆಗೂ ಓಡುತ್ತವೆ. ಅಲ್ಲಿಂದಾಚೆಗೂ ನನ್ನದೇ ಎಂಬಂತೆ!

ಅಬ್ಬಿನೀರು, ಹೊಸನಗರ

ಕಾನುಮನೆಯವರು ಚೆನ್ನಾಗಿ ಬರೆದಿದ್ದಾರೆ. ನೀರು ಎಲ್ಲಿಂದ ಬಂತು ಎಂಬ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ ಎಂಬುದು ನನ್ನ ತಕರಾರು. ನಾನು ನೀರಾವರಿ ಕೆಲಸದಲ್ಲಿ ಇದ್ದು ನಿವೃತ್ತನಾದವನು, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ, ಆದ್ದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ.

ನಮ್ಮಲ್ಲಿ ಮನೆಯ ಹಿಂದಿನ ಗುಡ್ಡದಲ್ಲಿ ಒರತೆ ಇದ್ದರೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಹಾಕಿ ಹಿತ್ತಲಿಗೆ ಅಬ್ಬಿ, ಅಂದರೆ ತಾನಾಗಿ ಇಳಿದು ಬೀಳುವ ನೀರು, ತರುತ್ತೇವೆ. ಹಗಲಿರುಳು ಸುರಿಯುತ್ತಿರುತ್ತದೆ, ಕೇಳುವವರಿಲ್ಲ. ವರ್ಸೈನ ನೆಲಕ್ಕೆ ಆ ಭಾಗ್ಯವಿರಲಿಲ್ಲ. ಹತ್ತಿರದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ, ಸೀನ್ ನದಿ ಬಹಳ ಕೆಳಗೆ. ಹಾಗಿದ್ದೂ ಅಲ್ಲಿ ನೂರಾರು ಕಾರಂಜಿಗಳನ್ನು ಮಾಡಿಸಿದರು. 1681ರಲ್ಲಿ ಆರಂಭಿಸಿ 1684ರಲ್ಲಿ ಮಾರ್ಲಿ ಎಂಬಲ್ಲಿ ನದಿಗೆ ಅಡ್ಡಲಾಗಿ ಹದಿನಾಲ್ಕು ದೊಡ್ಡ ಚಕ್ರಗಳ ಯಂತ್ರವನ್ನು ನಿಲ್ಲಿಸಿದರು. ಹೊಳೆಯ ಸೆಳೆತಕ್ಕೆ ಚಕ್ರ ತಿರುಗಬೇಕು, ಚಕ್ರದಿಂದ ಇನ್ನೂರಕ್ಕೂ ಹೆಚ್ಚು ಪಂಪುಗಳು ಆಡಬೇಕು, ನೀರು ಹಂತ ಹಂತವಾಗಿ ಸುಮಾರು 150 ಮೀಟರ್ ಮೇಲಕ್ಕೆ ಏರಬೇಕು. ಮರದ ಕೂಡುಗಳು ಸವೆಯುತ್ತಿದ್ದವು, ಕೊಳವೆಗಳು ಸೋರುತ್ತಿದ್ದವು, ಸದ್ದು ಬಹಳ ದೂರ ಕೇಳುತ್ತಿತ್ತು. ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಷ್ಟಾದರೂ ನೀರು ಸಾಲಲಿಲ್ಲ. 1685ರಲ್ಲಿ ಯೂರ್ ನದಿಯನ್ನೇ ದೂರದಿಂದ ತಿರುಗಿಸಿ ತರಲು ಹೊರಟು 20,000ಕ್ಕೂ ಹೆಚ್ಚು ಸೈನಿಕರನ್ನು ಮಣ್ಣು ಕೆಲಸಕ್ಕೆ ಹಚ್ಚಿದರು. ಜೌಗು ನೆಲದ ಚಳಿಜ್ವರ ಹಲವರನ್ನು ತೆಗೆದುಕೊಂಡು ಹೋಯಿತು. ಮಲೇರಿಯದಿಂದ ಊರಿಗೆ ಊರೇ ಬರಿದಾದ ಮಲೆನಾಡಿನ ಹಳೆಯ ಮಾತುಗಳನ್ನು ಅಜ್ಜಿಯಂದಿರಿಂದ ಕೇಳಿದ ನಮಗೆ ಆ ಸಾಲು ಓದುವಾಗ ಎದೆ ಚುರ್ ಎನ್ನುತ್ತದೆ. 1688ರಲ್ಲಿ ಯುದ್ಧ ಬಂದಾಗ ಸೈನಿಕರು ಗಡಿಗೆ ಹೋದರು, ಕೆಲಸ ನಿಂತಿತು. ಮ್ಯಾಂತನೋನ್ ಎಂಬ ಊರಿನಲ್ಲಿ ಆ ಮೇಲ್ಗಾಲುವೆಯ ಮುಗಿಯದ ಕಮಾನುಗಳು ಇಂದಿಗೂ ನಿಂತಿವೆ. ಆ ಹಾಳು ಕಮಾನುಗಳನ್ನೂ ಮುಂದೆ ಚಿತ್ರಕಾರರು ಸುಂದರ ದೃಶ್ಯವೆಂದು ಬರೆದರು ಎಂಬುದು ಬೇರೆ ಮಾತು.

ಈಗ ಚಿತ್ರಗಳಿಗೆ ಬರೋಣ. ಎಲ್ಲ ಕಾರಂಜಿಗಳನ್ನೂ ಒಟ್ಟಿಗೆ ಹೆಚ್ಚು ಹೊತ್ತು ಚಿಮ್ಮಿಸುವಷ್ಟು ನೀರು ಅಲ್ಲಿ ಇರಲೇ ಇಲ್ಲ. ಆದ್ದರಿಂದ ಕಾರಂಜಿ ನೋಡಿಕೊಳ್ಳುವ ಕೆಲಸಗಾರರು ಮರಗಳ ಮರೆಯಲ್ಲಿ ಕಾದಿದ್ದು, ದೊರೆ ಹತ್ತಿರ ಬಂದಾಗ ಸೀಟಿ ಹಾಕಿ, ಮುಂದಿನವನು ತಿರುಪು ತೆರೆಯುತ್ತಿದ್ದನು. ದೊರೆ ದಾಟಿದ ಮೇಲೆ ಹಿಂದಿನದು ನಿಲ್ಲುತ್ತಿತ್ತು. ಅಚ್ಚಿನ ಚಿತ್ರಗಳನ್ನು ತೆರೆದು ನೋಡಿ, ಎಲ್ಲ ಕೊಳಗಳಲ್ಲಿಯೂ ನೀರು ಒಂದೇ ಸಮನೆ ಚಿಮ್ಮುತ್ತಿರುತ್ತದೆ. ತಿರುಪು ಹಿಡಿದವನು ಎಲ್ಲಿಯೂ ಇಲ್ಲ. ತೋಟ ಮಾಡಲಾಗದ್ದನ್ನು ಚಿತ್ರ ಮಾಡಿತು. ಟೀಚರ್ ಅವರ ಎರಡನೆಯ ಸಂದೇಹಕ್ಕೆ ಇದು ನನ್ನ ಉತ್ತರ.

ಅಬ್ಬಿಯ ತತ್ತ್ವವನ್ನು ತಿಳಿದು ಮಾಡಿದ ಅರಮನೆಯೂ ಇದೆ, ರಷ್ಯದ ಪೀಟರ್‌ಹೋಫ್. ಅಲ್ಲಿ ಸುಮಾರು 20 ಕಿಲೋಮೀಟರ್ ದೂರದ ಎತ್ತರದ ಒರತೆಗಳಿಂದ ಕಾಲುವೆ ತಂದು, ಪಂಪಿಲ್ಲದೆ, ನೀರಿನ ಇಳಿಜಾರಿನ ಬಲದಿಂದಲೇ 1721ರಲ್ಲಿ ಕಾರಂಜಿಗಳನ್ನು ಹರಿಸಿದರು. ನಡುವಿನ, ಬೈಬಲ್ಲಿನ ಬಲಶಾಲಿ ಸ್ಯಾಮ್ಸನ್ನನ ಶಿಲ್ಪ 1735ರದು. ಅವನು ಸಿಂಹದ ಬಾಯನ್ನು ಸೀಳುತ್ತಾನೆ, ಸೀಳಿದ ಬಾಯಿಂದ ನೀರು ಚಿಮ್ಮುತ್ತದೆ. ಸಿಂಹ ಸ್ವೀಡನ್ ದೇಶದ ಲಾಂಛನ. 1709ರಲ್ಲಿ ಪೋಲ್ಟಾವದಲ್ಲಿ ರಷ್ಯ ಸ್ವೀಡನ್ನನ್ನು ಸೋಲಿಸಿದ್ದು ಸಂತ ಸ್ಯಾಮ್ಸನ್ನನ ಹಬ್ಬದ ದಿನ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದಾಗ ಆ ಮೂರ್ತಿ ಕಾಣೆಯಾಯಿತು. ಯುದ್ಧ ಮುಗಿದು ಎರಡೇ ವರ್ಷಕ್ಕೆ, ಊರು ಇನ್ನೂ ಹಾಳಾಗಿದ್ದಾಗಲೇ, 1947ರಲ್ಲಿ ಹೊಸ ಸ್ಯಾಮ್ಸನ್ನನನ್ನು ನಿಲ್ಲಿಸಿದರು.

ನಮ್ಮ ಕಡೆಯದು ಎಂದರೆ ನಗರ (ಹಿಂದಿನ ಬಿದನೂರು) ಎಂಬ ಊರಿನ ಬಳಿಯ ದೇವಗಂಗೆ ಕೊಳಗಳನ್ನು ಮಕ್ಕಳಿಗೆ ತೋರಿಸಿ. ಕೆಳದಿ ಅರಸರ ಕಾಲದ ಕಲ್ಲಿನ ಕೊಳಗಳು, ಒಂದೊಂದರದು ಒಂದೊಂದು ಆಕಾರ, ಹೂವಿನ ಎಸಳಿನಂಥದ್ದೂ ಇದೆ. ಗುಡ್ಡದ ನೀರು ಒಂದರಿಂದ ಇನ್ನೊಂದಕ್ಕೆ ತಾನಾಗಿ ಇಳಿಯುತ್ತದೆ. ಅಲ್ಲಿಯೂ ಅಳತೆಯಿದೆ, ಅಂದವಿದೆ, ಅರಸೊತ್ತಿಗೆಯ ಹಣವಿದೆ. ಆದರೆ ಕಾಡು ಕೊಳದ ಅಂಚಿನವರೆಗೂ ಬಂದು ನಿಂತಿದೆ, ಅದನ್ನು ಯಾರೂ ಸಾಲಿನಲ್ಲಿ ನಿಲ್ಲಿಸಿಲ್ಲ.

ಬೇಣದದಾರಿ, ಸಾಗರ

ಹಿರಿಯರಿಬ್ಬರ ಮಾತನ್ನೂ ಓದಿದೆ. ಒಂದು ಭಿನ್ನಾಭಿಪ್ರಾಯವಿದೆ. ಎಲ್ಲವನ್ನೂ ದೊರೆಯ ದರ್ಪ ಎಂದು ಓದಿಬಿಟ್ಟರೆ ಉದ್ಯಾನದ ಸುಖವೇ ಮರೆಯಾಗುತ್ತದೆ. ವರ್ಸೈನ ವನದೊಳಗಿನ ಟ್ರಿಯಾನೋ ಎಂಬ ಚಿಕ್ಕ ಅರಮನೆಯ ತೋಟದಲ್ಲಿ ಸುಗಂಧರಾಜ ಹೂವು ಎಷ್ಟಿತ್ತೆಂದರೆ, ಅದರ ವಾಸನೆ ತಡೆಯಲಾಗದೆ ಜನ ಸಂಜೆ ಎದ್ದು ಹೋಗುತ್ತಿದ್ದರೆಂದು ಅಂದಿನ ಆಸ್ಥಾನಿಕ ಸ್ಯಾಂ ಸಿಮೋನ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಹೂವಿನ ಗಿಡಗಳು ಕುಂಡದಲ್ಲಿ ಇರುತ್ತಿದ್ದವು, ಕುಂಡಗಳನ್ನು ಮಣ್ಣಿನಲ್ಲಿ ಹುದುಗಿಸಿ, ಬೇಕೆಂದಾಗ ಇಡೀ ಪಾತಿಯ ಬಣ್ಣವನ್ನೇ ಕೆಲವು ಗಂಟೆಗಳಲ್ಲಿ ಬದಲಿಸುತ್ತಿದ್ದರು. ಅದು ದರ್ಪವೂ ಹೌದು, ಒಪ್ಪುತ್ತೇನೆ. ಮೂಗಿಗೆ ಅದು ಸುಗಂಧರಾಜವೇ. ಅಂದಿನ ಚಿತ್ರಗಳಲ್ಲಿಯೂ ದೊರೆಯಿಲ್ಲದ ಮೂಲೆಗಳಿವೆ, ಅಲ್ಲಿ ಜನ ಸುಮ್ಮನೆ ಕೂತು ಮಾತಾಡುತ್ತಿರುತ್ತಾರೆ.

ನನಗೆ ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ವರ್ಸೈನ ಗೆರೆಗಳನ್ನು ಎಳೆದದ್ದು ಭೂಮಾಪಕರ ಸರಪಳಿ ಮತ್ತು ಕೋಟೆ ಕಟ್ಟುವವರ ಲೆಕ್ಕ. ಗಡಿಯಲ್ಲಿ ಕೋಟೆಯ ಮೂಲೆಗಳನ್ನು ಯಾವ ಉಪಕರಣದಿಂದ ಅಳೆದರೋ ಅದೇ ಉಪಕರಣ ಹೂವಿನ ಪಾತಿಗೂ ಬಂತು. ನಮ್ಮಲ್ಲಿ ಕೆಳದಿಯ ಶಿವಪ್ಪನಾಯಕನು ಆಳಿದ್ದು 1645ರಿಂದ 1660ರವರೆಗೆ. ಲೂಯಿ ತಾನೇ ಆಡಳಿತ ಹಿಡಿದದ್ದು 1661ರಲ್ಲಿ. ಒಂದೊಂದು ಬಗೆಯ ಭೂಮಿಯಲ್ಲಿ ಹನ್ನೆರಡು ವರ್ಷ ಬೆಳೆಸಿ ನೋಡಿ, ಬಿತ್ತಿದ್ದು ಎಷ್ಟು, ಬೆಳೆದದ್ದು ಎಷ್ಟು ಎಂದು ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲನ್ನು ಕಂದಾಯವಾಗಿ ನಿಗದಿ ಮಾಡಿದನೆಂದು ಗೆಜೆಟಿಯರ್ ಹೇಳುತ್ತದೆ. ಅದನ್ನು ಜನ ಕರೆದದ್ದು ಶಿವಪ್ಪನಾಯಕನ ಶಿಸ್ತು ಎಂದು. ನಾವು ಇಂದು ಮಕ್ಕಳಿಗೆ ಶಿಸ್ತಾಗಿ ನಿಲ್ಲಿ ಎನ್ನುವಾಗ ಬಳಸುವುದೂ ಅದೇ ಪದ. ನೆಲವನ್ನು ಅಳೆದು ಸಾಲಿಗೆ ತರುವ ಆಸೆ ಇಬ್ಬರಿಗೂ ಇತ್ತು. ಒಬ್ಬನ ಸಾಲು ಕಡತಕ್ಕೆ ಹೋಯಿತು, ಅದರಲ್ಲಿ ಪ್ರತಿ ಅಡಿಕೆ ಮರಕ್ಕೂ ಲೆಕ್ಕ. ಇನ್ನೊಬ್ಬನದು ಕಣ್ಣಿಗೆ ಕಾಣುವಂತೆ ನೆಲದ ಮೇಲೆಯೇ ಉಳಿಯಿತು.

ಇಲ್ಲಿ ಅಂಥ ಉದ್ಯಾನ ಏಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಗುಡ್ಡಗಳಲ್ಲಿದೆ. ಒಂದೂವರೆ ಕಿಲೋಮೀಟರ್ ನೇರ ಗೆರೆ ಎಳೆಯಲು ಕವಲೇದುರ್ಗದ ಸುತ್ತ ಜಾಗ ತೋರಿಸಲಿ ನೋಡೋಣ! ಅರಸರು ತಮ್ಮ ದೊಡ್ಡಸ್ತಿಕೆಯನ್ನು ಮಠಕ್ಕೆ, ಅಗ್ರಹಾರಕ್ಕೆ, ದೇಗುಲಕ್ಕೆ, ಕೋಟೆಗೆ ಸುರಿದರು. ರೋಮ್ ನಗರದಲ್ಲಿ ಹುಟ್ಟಿ ಬೆಳೆದ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿ ಬರೆದಿಟ್ಟಿದ್ದಾನೆ. ಅರಸರ ದೊಡ್ಡಸ್ತಿಕೆ ಅವನಿಗೂ ಉದ್ಯಾನವಿಲ್ಲದೆಯೇ ಅರ್ಥವಾಗಿತ್ತು. ನೇರ ಗೆರೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಎರಡು ಕಡೆ ಒಂದೇ ಸಮನಾದ ಪಾತಿ, ಇವನ್ನು ಮಕ್ಕಳು ನೋಡಿರುವುದು ಕನ್ನಂಬಾಡಿಯ ಬೃಂದಾವನದಲ್ಲಿ. 1932ರಲ್ಲಿ ಪೂರ್ಣಗೊಂಡ ಅದರ ಮೂಲ ಮೊಗಲರ ತೋಟಗಳು, ಬರೋಕ್ ಅಲ್ಲ. ಅಲ್ಲಿಯ ನಡುಗೆರೆಯ ತುದಿಯಲ್ಲಿ ಇರುವುದು ಅರಮನೆಯಲ್ಲ, ಅಣೆಕಟ್ಟು. ಈ ವ್ಯತ್ಯಾಸವನ್ನು ಅವರೇ ಕಂಡುಕೊಳ್ಳಲಿ.

ತುಂಗಾತೀರ, ಶಿವಮೊಗ್ಗ

ಮೂವರಿಗೂ ಧನ್ಯವಾದ. ನಿನ್ನೆ ಮಕ್ಕಳನ್ನು ತುಂಗೆಯ ದಂಡೆಯ ಶಿವಪ್ಪನಾಯಕನ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಂಗಳದ ಹುಲ್ಲುಹಾಸಿನಲ್ಲಿ ಶಿಲ್ಪಗಳನ್ನು ಇಟ್ಟಿದ್ದಾರಲ್ಲ, ಅದರ ನಡುವೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಎಲ್ಲಿಂದ ನೋಡಿದರೆ ದರ್ಬಾರು ಹಜಾರದ ಮರದ ಕಂಬಗಳು ಎರಡು ಕಡೆಯೂ ಸಮನಾಗಿ ಕಾಣುತ್ತವೆ ಎಂದು ಹುಡುಕಲು ಹೇಳಿದೆ. ಎಲ್ಲರೂ ಕೊನೆಗೆ ಒಂದೇ ಜಾಗಕ್ಕೆ ಬಂದು, ಅಲ್ಲಿ ನಿಲ್ಲಲು ತಳ್ಳಾಡಿದರು. ಕಾನುಮನೆಯವರು ಹೇಳಿದ್ದನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇನ್ನೊಂದು ಕೇಳುವುದಿದೆ. ದೊರೆಯ ಕಡೆಯಿಂದ ಬರೆದ ಚಿತ್ರಗಳನ್ನೇ ತೋರಿಸುತ್ತಿದ್ದೇನೆ ಎನಿಸುತ್ತಿದೆ. ಗೆರೆಗಳು ಅಳಿಸಿಹೋದ ವರ್ಸೈಯನ್ನು ಯಾರಾದರೂ ಬರೆದಿದ್ದಾರೆಯೇ?

ಕಾನುಮನೆ, ತೀರ್ಥಹಳ್ಳಿ

ಬರೆದಿದ್ದಾರೆ. ಲ ನೋತ್ರ್ ಕಾಲದ ಮರಗಳು ಮುದಿಯಾಗಿದ್ದರಿಂದ ಹದಿನಾರನೆಯ ಲೂಯಿ 1774ರಲ್ಲಿ ಅವನ್ನೆಲ್ಲ ಕಡಿಸಿ ಹೊಸದಾಗಿ ನೆಡಿಸಲು ಅಪ್ಪಣೆ ಮಾಡಿದನು. ಹೂಬೇರ್ ರೊಬೇರ್ ಎಂಬ ಚಿತ್ರಕಾರ ಅದನ್ನು ಎರಡು ದೊಡ್ಡ ಚಿತ್ರಗಳಲ್ಲಿ ಬರೆದು 1777ರಲ್ಲಿ ಪ್ರದರ್ಶಿಸಿದನು. ಅವನು ಆಕಾಶಕ್ಕೆ ಏರಲಿಲ್ಲ, ನೆಲದ ಮೇಲೆಯೇ ನಿಂತು ನೋಡಿದ್ದಾನೆ. ಉರುಳಿಬಿದ್ದ ದಿಮ್ಮಿಗಳು, ಕೊಂಬೆ ಕಳೆದುಕೊಂಡ ಮರಗಳು, ಕೆಲಸದವರು, ಅವರ ನಡುವೆ ದೊರೆ ಮತ್ತು ರಾಣಿ. ದೂರದಲ್ಲಿ ದೊಡ್ಡ ಕಾಲುವೆ ಮಾತ್ರ ಮೊದಲಿನಂತೆಯೇ ನೇರವಾಗಿ ಹೋಗಿದೆ. ಪಟೆಲ್‌ನ ಚಿತ್ರದ ಪಕ್ಕದಲ್ಲಿ ಇದನ್ನಿಟ್ಟು ತೋರಿಸಿ. ಆ ಹುಡುಗಿ ಈ ಸಲ ಆ ದಿಮ್ಮಿಗಳನ್ನೆಲ್ಲ ಏನು ಮಾಡಿದರು ಎಂದು ಕೇಳಬಹುದು, ಸಿದ್ಧವಾಗಿರಿ.